ಪಾಠದೊಳಗೆ ಮೊದಲೇ ಇತ್ತು

ಸಮಕಾಲೀನ ನೃತ್ಯವನ್ನು ಹೇಗೆ ಕಲಿಸುತ್ತಾರೆ, ಆ ಕಲಿಕೆಯಲ್ಲಿ ಗಂಡುತನ ಹೆಣ್ಣುತನಗಳು ಹೇಗೆ ಮೈಗಂಟುತ್ತವೆ, ಇವೆರಡರ ಚೌಕಟ್ಟಿಗೆ ಒಗ್ಗದ ಕ್ವೀರ್ ವಿದ್ಯಾರ್ಥಿಗೆ ಅಲ್ಲಿ ಏನಾಗುತ್ತದೆ? ಹೀಗೆ ಕೇಳುವ ಸಂಶೋಧನೆಗಳು ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಿವೆ. ಅವುಗಳ ಹೆಸರೆತ್ತಿದರೆ ಸಾಕು, ನಮ್ಮ ನೃತ್ಯವಲಯದ ಹಲವರಿಗೆ ಮೈ ಉರಿಯುತ್ತದೆ. ದೊಮ್ಮಲೂರಿನ ಸಭಾಂಗಣದ ಪ್ರಶ್ನೋತ್ತರದಲ್ಲಿ ನಯವಾದ ಇಂಗ್ಲಿಷಿನಲ್ಲಿ, ಹಲಸೂರಿನ ಮನೆಪಾಠದಲ್ಲಿ ಕನ್ನಡ ತಮಿಳು ಬೆರೆಸಿ, ಕೆ.ಆರ್. ಪುರದ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನ ಮುಂದೆ ಮಕ್ಕಳಿಗೆ ಕಾಯುತ್ತ ನಿಂತ ಅಪ್ಪ ಅಮ್ಮಂದಿರ ಬಾಯಲ್ಲಿ ಕೇಳಿಬರುವ ಆಕ್ಷೇಪಗಳು ಹೆಚ್ಚುಕಡಿಮೆ ಒಂದೇ. ನಾನು ಆ ಸಂಶೋಧಕರ ಪರ. ಆದರೆ ಎಲ್ಲ ಆಕ್ಷೇಪಗಳಿಗೂ ಒಂದೇ ತೂಕವಿಲ್ಲ. ಕೆಲವಕ್ಕೆ ನಾಲ್ಕು ಸಾಲು ಸಾಕು. ಒಂದಕ್ಕಂತೂ ಸೋತೆನೆಂದು ಒಪ್ಪಿಕೊಂಡೇ ಮುಂದೆ ಹೋಗಬೇಕು.

‘ಇದು ಪಶ್ಚಿಮದಿಂದ ತಂದು ಸುರಿದ ಗೊಬ್ಬರ’ ಎನ್ನುವುದು ಮೊದಲ ಬಾಣ. ಇದಕ್ಕೆ ಬೆಂಗಳೂರು ದಂಡೇ, ಅಂದರೆ ಕಂಟೋನ್ಮೆಂಟೇ, ಉತ್ತರ ಕೊಡುತ್ತದೆ.

ರಾಮ್ ಗೋಪಾಲ್ ಹುಟ್ಟಿದ್ದು ಈ ದಂಡಿನಲ್ಲಿ, 1912ರ ಸುಮಾರಿಗೆ. ರಜಪೂತ ತಂದೆ, ಬರ್ಮಾದ ತಾಯಿ, ಟಾರ್ಕ್ವೇ ಕ್ಯಾಸಲ್ ಎಂಬ ದೊಡ್ಡ ಬಂಗಲೆ. ಮಗ ಕುಣಿಯುವುದು ತಂದೆಗೆ ಹಿಡಿಸಿರಲಿಲ್ಲ. ಮಗ ಕೇಳಲಿಲ್ಲ. ಕುಂಜು ಕುರುಪ್ ಅವರಲ್ಲಿ ಕಥಕಳಿ ಕಲಿತರು, ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ ಅವರಲ್ಲಿ ಭರತನಾಟ್ಯ ಕಲಿತರು, ಅಮೆರಿಕದ ನರ್ತಕಿ ಲಾ ಮೇರಿ ಜೊತೆ ಏಷ್ಯಾ ಸುತ್ತಿದರು, 1939ರಲ್ಲಿ ಲಂಡನ್ನಿನ ಆಲ್ಡ್ವಿಚ್ ರಂಗಮಂದಿರ ಹತ್ತಿದರು. ಬರಿಯ ಎದೆ, ಕಿರೀಟ, ಮೈತುಂಬ ಆಭರಣ, ಗರುಡನೃತ್ಯದ ಆ ದೊಡ್ಡ ರೆಕ್ಕೆಗಳು. ಪಶ್ಚಿಮದವರು ರಷ್ಯಾದ ಬ್ಯಾಲೆ ನರ್ತಕನ ಹೆಸರಿನಲ್ಲಿ ಅವರನ್ನು ‘ಭಾರತದ ನಿಜಿನ್‌ಸ್ಕಿ’ ಎಂದು ಕರೆದರು. ಅವರ ಖಾಸಗಿ ಬದುಕಿಗೆ ಚೀಟಿ ಅಂಟಿಸುವುದು ನನ್ನ ಕೆಲಸವಲ್ಲ. ನಾನು ನೋಡುತ್ತಿರುವುದು ಆ ಮೈಯನ್ನು ಜನ ನೋಡಿದ ರೀತಿಯನ್ನು. ಲಂಡನ್ನಿನ ಪ್ರೇಕ್ಷಕ ತನ್ನೂರಿನ ಗಂಡಸಿನಲ್ಲಿ ಒಪ್ಪಿಕೊಳ್ಳಲಾಗದ ಲಾವಣ್ಯವನ್ನು ಪೂರ್ವದವನಲ್ಲಿ ಟಿಕೆಟ್ ಕೊಟ್ಟು ನೋಡಿದ. ಗಂಡಿನ ಮೈಯ ಲಾಲಿತ್ಯದ ಈ ವ್ಯವಹಾರದಲ್ಲಿ ಆಮದಿಗಿಂತ ರಫ್ತು ಹೆಚ್ಚಿತ್ತು, ಸರಕು ಹೊರಟದ್ದು ಕಂಟೋನ್ಮೆಂಟಿನಿಂದ.

ಇನ್ನೂ ಹಿಂದಕ್ಕೆ ಹೋಗಬಹುದು. ನಾಟ್ಯಶಾಸ್ತ್ರ ಪಾತ್ರ ಹಂಚಿಕೆಯಲ್ಲಿ ಮೂರು ಬಗೆ ಹೇಳುತ್ತದೆ: ಅನುರೂಪ, ವಿರೂಪ, ರೂಪಾನುಸಾರಿಣಿ. ಗಂಡು ಹೆಣ್ಣಿನ ಪಾತ್ರ ಮಾಡುವುದು, ಹೆಣ್ಣು ಗಂಡಿನ ಪಾತ್ರ ಮಾಡುವುದು ಮೂರನೆಯದರಲ್ಲಿ ಬರುತ್ತದೆ. ಭರತನಾಟ್ಯ ಕಛೇರಿಗೆ ರೂಪ ಕೊಟ್ಟ ತಂಜಾವೂರು ಸಹೋದರರಲ್ಲಿ ಹಿರಿಯನಾದ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಕಾಲದ ದಕ್ಷಿಣದ ದರಬಾರುಗಳಲ್ಲಿ ಸ್ತ್ರೀರೂಪ ತಳೆದು ಕುಣಿದ ಗಂಡಸರಿದ್ದರು. ಟೊರಾಂಟೊದಲ್ಲಿ ‘ಇನ್‌ಡ್ಯಾನ್ಸ್’ ತಂಡ ಕಟ್ಟಿ, ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸುವ ಹರಿ ಕೃಷ್ಣನ್ ಇದರ ಚರಿತ್ರೆಯನ್ನು 2009ರ ಒಂದು ಲೇಖನದಲ್ಲಿ ಬಿಡಿಸಿಟ್ಟಿದ್ದಾರೆ: ಹೆಣ್ಣಿನ ಅನುಕರಣೆಯೇ ಕೌಶಲವಾಗಿದ್ದ ಗಂಡು ನರ್ತಕ, ಇಪ್ಪತ್ತನೆಯ ಶತಮಾನದ ರಾಷ್ಟ್ರೀಯತೆಯ ಬಿಸಿಯಲ್ಲಿ, ಎದೆಯುಬ್ಬಿಸಿ ತಾಂಡವವನ್ನೇ ಆಡಬೇಕಾದ ವೀರನಾಗಿ ಹೇಗೆ ಬದಲಾದ ಎಂಬುದು ಅದರ ವಿಷಯ. ಇಂದು ‘ನಮ್ಮ ಪರಂಪರೆಯ ಗಂಡುನೃತ್ಯ’ ಎಂದು ನಾವು ಎದೆ ತಟ್ಟಿಕೊಳ್ಳುವುದರಲ್ಲಿ ಹೆಚ್ಚಿನದಕ್ಕೆ ನೂರು ವರ್ಷ ತುಂಬಿಲ್ಲ. ಪಶ್ಚಿಮದಿಂದ ಬಂದದ್ದು ಯಾವುದೆಂದು ನಿಜಕ್ಕೂ ಹುಡುಕಹೊರಟರೆ ವಿಕ್ಟೋರಿಯಾ ಕಾಲದ ಸಂಕೋಚವೇ ಮೊದಲು ಕೈಗೆ ಸಿಗುತ್ತದೆ, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ ಸೆಕ್ಷನ್ 377ರ ಸಮೇತ.

ಇಲ್ಲಿ ಜಾಣ ಎದುರಾಳಿಯೊಬ್ಬ ಎದ್ದು ನಿಲ್ಲುತ್ತಾನೆ. ಅವನ ಮಾತು ಗಟ್ಟಿ. ಸ್ವಾಮಿ, ವೇಷ ವೇಷವೇ. ಬೆಂಗಳೂರು ಕರಗ ಹೊರುವ ಅರ್ಚಕರು ಚೈತ್ರ ಹುಣ್ಣಿಮೆಯ ರಾತ್ರಿ ಬಳೆ ತೊಟ್ಟು, ಮಲ್ಲಿಗೆ ಮುಡಿದು ದ್ರೌಪದಿಯಾಗುತ್ತಾರೆ. ಬೆಳಗಾದ ಮೇಲೆ ಅವರು ಗೃಹಸ್ಥರು. ಮಂಟಪ ಪ್ರಭಾಕರ ಉಪಾಧ್ಯರು ಏಕವ್ಯಕ್ತಿ ಯಕ್ಷಗಾನದಲ್ಲಿ ಹೆಣ್ಣಾಗುವುದು ಕಲೆ, ಅದರಲ್ಲಿ ಅವರ ಅಸ್ಮಿತೆಯ ಪ್ರಶ್ನೆ ಏನಿದೆ? ಇವರನ್ನೆಲ್ಲ ಎಳೆದು ತಂದು ನಿಮ್ಮ ಮೆರವಣಿಗೆಯ ಮುಂದೆ ನಿಲ್ಲಿಸಬೇಡಿ.

ಒಪ್ಪಿದೆ. ನಿಲ್ಲಿಸುವುದಿಲ್ಲ. ಕರಗ ಒಂದು ವ್ರತ, ಸ್ತ್ರೀವೇಷ ಒಂದು ವಿದ್ಯೆ. ಎರಡನ್ನೂ ಕ್ವೀರ್ ಚರಿತ್ರೆಯ ಪುರಾವೆಯೆಂದು ಕಣ್ಣುಮುಚ್ಚಿ ಬರೆಯುವವರು ಸೋಮಾರಿಗಳು, ಮತ್ತು ಅಂಥ ಪ್ರಬಂಧಗಳು ಇಲ್ಲವೆಂದು ನಾನು ಹೇಳಲಾರೆ. ಆದರೆ ಎದುರಾಳಿ ಎಳೆದ ಆ ಗೆರೆ, ರಂಗದ ಮೇಲಾದರೆ ಸೈ, ಕೆಳಗೆ ಇಳಿದ ಮೇಲೆ ಅಲ್ಲ ಎಂಬ ಗೆರೆ, ಅದೇ ಸಂಶೋಧನೆಯ ವಿಷಯ. ಅದನ್ನು ಎಳೆಯುವವರು ಯಾರು? ಎಲ್ಲಿ, ಯಾವಾಗ, ಯಾವ ಮಾತಿನಿಂದ? ನನ್ನ ಉತ್ತರ: ಪಾಠದ ಕೋಣೆಯಲ್ಲಿ, ವಾರಕ್ಕೆ ಎರಡು ದಿನ, ಟೀಚರ್ ಬಾಯಿಂದ.

ವರ್ಣವನ್ನೇ ತೆಗೆದುಕೊಳ್ಳಿ. ಭರತನಾಟ್ಯ ಕಛೇರಿಯ ಹೃದಯ ಅದು. ಹೆಚ್ಚಿನ ವರ್ಣಗಳಲ್ಲಿ ನಾಯಿಕೆ ಸಖಿಯನ್ನು ಕರೆದು ಸ್ವಾಮಿ ಬರಲಿಲ್ಲವೆಂದು ಹಂಬಲಿಸುತ್ತಾಳೆ, ಮುನಿಯುತ್ತಾಳೆ, ಸೊರಗುತ್ತಾಳೆ. ಹದಿನಾರರ ಹುಡುಗ ಅದನ್ನು ಕಲಿಯಬೇಕು. ಕಣ್ಣು ಹೇಗೆ ಇಳಿಯಬೇಕು, ಕೊರಳು ಎಷ್ಟು ವಾಲಬೇಕು, ನಾಚಿಕೆ ತುಟಿಯ ಯಾವ ಕೊನೆಯಿಂದ ಶುರುವಾಗಬೇಕು ಎಂದು ಟೀಚರ್ ತಿಂಗಳುಗಟ್ಟಲೆ ತಿದ್ದುತ್ತಾರೆ. ಸಾಲದು, ಇನ್ನೂ ಬೇಕು ಎನ್ನುತ್ತಾರೆ. ಹುಡುಗ ಕಲಿಯುತ್ತಾನೆ. ಆಮೇಲೆ ಅದೇ ಹುಡುಗ ಗೆಜ್ಜೆ ಬಿಚ್ಚಿ ನೀರು ಕುಡಿಯಲು ಹೋಗುವಾಗ ಕೈ ಸ್ವಲ್ಪ ಹೆಚ್ಚು ಬಳುಕಿತೋ, ‘ಏನೋ ಅದು, ಗಂಡಸಿನ ಹಾಗೆ ನಡಿ’ ಎಂಬ ಏಟು. ಗೆಳೆಯರು ಹೆಣ್ಣಿಗ ಎನ್ನುತ್ತಾರೆ, ಒಂಬತ್ತು ಎನ್ನುತ್ತಾರೆ, ಟೀಚರ್ ಕೇಳಿಸದಂತೆ ತಾಳ ತಟ್ಟುತ್ತಾರೆ. ಒಂದು ಗಂಟೆಯ ಪಾಠದಲ್ಲಿ ಒಂದೇ ಗುಣಕ್ಕೆ ಬಹುಮಾನವೂ ಸಿಕ್ಕಿತು, ಶಿಕ್ಷೆಯೂ ಸಿಕ್ಕಿತು.

ಹುಡುಗಿಯರಿಗೆ ಇದು ಇಲ್ಲವೆಂದಲ್ಲ. ಶಿವನ ಪಾತ್ರಕ್ಕೆ ಕಾಲು ಅಗಲಿಸಿ ಮಂಡಿ ಊರಿದವಳಿಗೆ ಪಾತ್ರ ಮುಗಿದ ತಕ್ಷಣ ಕಾಲು ಸೇರಿಸಿ ಕೂರಲು ಹೇಳುತ್ತಾರೆ. ಸಮಕಾಲೀನ ನೃತ್ಯದ ಸ್ಟುಡಿಯೊಗಳು ಇದರಿಂದ ಪಾರಾಗಿವೆಯೇ? 1992ರಲ್ಲಿ ಹುಟ್ಟಿದ ಅಟ್ಟಕ್ಕಳರಿ ಈ ನಗರದಲ್ಲಿ ಸಮಕಾಲೀನ ನೃತ್ಯಕ್ಕೆ ಒಂದು ಶಾಲೆಯ ರೂಪ ಕೊಟ್ಟಿತು, 1995ರಲ್ಲಿ ಮಧು ನಟರಾಜ್ ‘ಸ್ಟೆಮ್’ ತಂಡ ಕಟ್ಟಿದರು. ಅಲ್ಲಿಂದೀಚೆಗೆ ನಗರದ ಸ್ಟುಡಿಯೊಗಳಲ್ಲಿ ಬರಿಗಾಲು, ಟ್ರ್ಯಾಕ್ ಪ್ಯಾಂಟು, ಕನ್ನಡಿಯಿಲ್ಲದ ಗೋಡೆ ಎಲ್ಲ ಬಂದವು. ಲಿಂಗವಿಲ್ಲದ ‘ತಟಸ್ಥ ದೇಹ’ ಎಂಬ ಮಾತೂ ಬಂತು. ಆದರೆ ಯುಗಳದಲ್ಲಿ ಎತ್ತುವವನು ಯಾರು, ಎತ್ತಿಸಿಕೊಳ್ಳುವವಳು ಯಾರು ಎಂದು ನೋಡಿ. ಕಳರಿಪಯಟ್ಟಿನ ಒದೆತವನ್ನು ಯಾರಿಗೆ ಮೊದಲು ಹೇಳಿಕೊಡುತ್ತಾರೆ, ನೆಲದ ಮೇಲೆ ಹರಿಯುವ ಚಲನೆಯನ್ನು ಯಾರಿಗೆ ಕೊಡುತ್ತಾರೆ ಎಂದೂ ನೋಡಿ. ತಟಸ್ಥ ಎಂದು ಹೇಳುವ ಆ ದೇಹ ಹತ್ತಿರದಿಂದ ನೋಡಿದರೆ ತೆಳ್ಳಗಿನ, ಬಲಿಷ್ಠ, ಗಂಡುಮಗನ ದೇಹವೇ.

‘ಕಲೆಗೆ ಲಿಂಗವಿಲ್ಲ’ ಎಂಬ ಎರಡನೆಯ ಆಕ್ಷೇಪಕ್ಕೆ ಇದೇ ಉತ್ತರ, ಬೇರೆ ಬೇಡ. ಕಲೆಗೆ ಇರಲಿಕ್ಕಿಲ್ಲ. ಕಲಿಸುವಾಗ ಇದೆ. ಸಂಶೋಧಕರು ಲಿಂಗತ್ವವನ್ನು ಪಾಠಕ್ಕೆ ಹೊತ್ತು ತರುತ್ತಿಲ್ಲ, ಪಾಠದಲ್ಲಿ ಮೊದಲಿನಿಂದ ಇದ್ದದ್ದನ್ನು ಓದುತ್ತಿದ್ದಾರೆ. ಅಮೆರಿಕದ ಡಗ್ ರಿಸ್ನರ್ ನೃತ್ಯ ಕಲಿಯುವ ಹುಡುಗರು ಹೊರುವ ಕಳಂಕದ ಬಗ್ಗೆ 2009ರಲ್ಲೇ ಒಂದು ಪುಸ್ತಕ ತಂದರು. ನಮ್ಮ ಜೂನಿಯರ್ ಪರೀಕ್ಷೆಗೆ ಕೂತ ಹುಡುಗರಲ್ಲಿ ಎಷ್ಟು ಮಂದಿ ವಿದ್ವತ್ ತನಕ ಉಳಿಯುತ್ತಾರೆ, ಉಳಿಯದವರು ಯಾಕೆ ಬಿಟ್ಟರು ಎಂದು ಇಲ್ಲಿ ಕೂತು ಕೇಳಬೇಕಾದವರು ಈ ಸಂಶೋಧಕರೇ ತಾನೆ? ‘ಓದಿನ ಒತ್ತಡ’ ಎಂದು ತಂದೆತಾಯಿ ಹೇಳುವ ಕಾರಣವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಮೂರನೆಯದು ಸ್ವಲ್ಪ ಕೊಳಕಾಗಿ ಬರುತ್ತದೆ: ಮಲಗುವ ಕೋಣೆಯ ವಿಷಯ ಕ್ಲಾಸಿಗೆ ಯಾಕೆ?

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 377ರ ಹಲ್ಲು ಕಿತ್ತ ತೀರ್ಪಿಗೆ ಒಬ್ಬ ಭರತನಾಟ್ಯ ಕಲಾವಿದರ ಹೆಸರಿದೆ. ನವತೇಜ್ ಸಿಂಗ್ ಜೋಹರ್ ಕಲಾಕ್ಷೇತ್ರದಲ್ಲಿ ಕಲಿತವರು, ಯೋಗ ಮತ್ತು ನೃತ್ಯ ಕಲಿಸುವವರು, ವಿಶ್ವವಿದ್ಯಾಲಯದ ಅಧ್ಯಾಪಕರು. ಈ ಬರಹದ ವಿಷಯವಾದ ಸಂಶೋಧಕ ಅಧ್ಯಾಪಕ ಎಂಬ ಜಾತಿಗೆ ನಮ್ಮ ದೇಶದಲ್ಲಿ ಮುಖವೊಂದನ್ನು ಕೊಡಬೇಕಾದರೆ ಅವರದ್ದೇ. 2016ರಲ್ಲಿ ಇನ್ನೂ ನಾಲ್ವರೊಡನೆ ಅರ್ಜಿ ಹಾಕಿದರು. ಇಂದು ದೇಶದ ಕಾನೂನು ಕಾಲೇಜುಗಳಲ್ಲಿ ಪರೀಕ್ಷೆಗೆ ಓದುವ ಮಕ್ಕಳು ಒಬ್ಬ ನರ್ತಕನ ಹೆಸರನ್ನು ಉರು ಹೊಡೆಯುತ್ತಾರೆ. (ನಮ್ಮ ಸಭಾಗಳು ಕೊಡುವ ಬಿರುದುಗಳಿಗಿಂತ ಇದು ಹೆಚ್ಚು ಕಾಲ ಬಾಳುತ್ತದೆ ಎಂದು ನನ್ನ ಅನುಮಾನ.) ಖಾಸಗಿತನ ಕಾಪಾಡಿ ಎಂದು ಕೋರ್ಟಿಗೆ ಹೋದವರು ಅವರು. ಮಲಗುವ ಕೋಣೆಗೆ ಇಣುಕುತ್ತಿದ್ದದ್ದು ಪೊಲೀಸರು.

ಕ್ಲಾಸಿನಲ್ಲಿ ನಿಜಕ್ಕೂ ಇರುವ ವಿಷಯ ಸ್ಪರ್ಶ. ನೃತ್ಯ ಕಲಿಸುವವರು ಮುಟ್ಟುತ್ತಾರೆ. ಅರೆಮಂಡಿ ತಿದ್ದಲು ತೊಡೆ ಹಿಡಿಯುತ್ತಾರೆ, ಬೆನ್ನು ನೆಟ್ಟಗಾಗಲು ಸೊಂಟಕ್ಕೆ ಕೈಯೂರುತ್ತಾರೆ. ಸಮಕಾಲೀನ ನೃತ್ಯದಲ್ಲಂತೂ ಮೈಗೆ ಮೈ ತಾಗಿಸದೆ ಪಾಠವೇ ಇಲ್ಲ. 1972ರಲ್ಲಿ ಸ್ಟೀವ್ ಪ್ಯಾಕ್ಸ್‌ಟನ್ ಶುರು ಮಾಡಿದ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಎತ್ತುವುದಕ್ಕೆ ತೋಳಿನ ಬಲ ಬೇಕಿಲ್ಲ; ನಿಮ್ಮ ಸೊಂಟ ಜೊತೆಗಾರರ ಸೊಂಟಕ್ಕಿಂತ ಕೆಳಗೆ ಹೋದರೆ ಅವರ ಭಾರ ನಿಮ್ಮ ಮೂಳೆಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ಹಾಗಾಗಿ ಐವತ್ತು ಕಿಲೊದ ಹುಡುಗಿ ಎಪ್ಪತ್ತು ಕಿಲೊದ ಹುಡುಗನನ್ನು ಹೊರಬಹುದು, ಹುಡುಗ ಹುಡುಗನ ಮೇಲೆ ಒರಗಬಹುದು. ಲಿಂಗದ ಪಾಠವನ್ನು ಭೌತಶಾಸ್ತ್ರ ಅಳಿಸುತ್ತದೆ, ಯಾರೂ ಭಾಷಣ ಮಾಡಬೇಕಾಗಿಲ್ಲ. ಆದರೆ ಈ ಒರಗುವಿಕೆ ಒಬ್ಬರಿಗೆ ವಿದ್ಯೆ, ಇನ್ನೊಬ್ಬರಿಗೆ ಭಯ. ಒಪ್ಪಿಗೆ ಕೇಳುವುದು ಹೇಗೆ, ಬೇಡವೆಂದು ಹೇಳಲು ವಿದ್ಯಾರ್ಥಿಗೆ ಬಾಯಿ ಬರುವಂತೆ ಮಾಡುವುದು ಹೇಗೆ? ಇದನ್ನು ಕುಳಿತು ಯೋಚಿಸಿದವರು ಹೆಚ್ಚಾಗಿ ಇದೇ ಸಂಶೋಧಕರು, ಯಾಕೆಂದರೆ ತಮ್ಮ ಸ್ಪರ್ಶವನ್ನು ಜಗತ್ತು ಅನುಮಾನದಿಂದ ನೋಡುತ್ತದೆಂದು ಅವರಿಗೆ ಗೊತ್ತು.

ಗುರುವಿನ ಕೈ ಪವಿತ್ರ, ಅಲ್ಲಿ ಪ್ರಶ್ನೆಯೇ ಬೇಡ ಎನ್ನುವವರು 2023ರ ಮಾರ್ಚಿನಲ್ಲಿ ಚೆನ್ನೈನ ಕಲಾಕ್ಷೇತ್ರದ ವಿದ್ಯಾರ್ಥಿಗಳು ಧರಣಿ ಕೂತದ್ದನ್ನು ನೆನೆಯಲಿ. ಕಿರುಕುಳದ ದೂರುಗಳನ್ನು ಆಡಳಿತ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದು ಅವರ ಆರೋಪ. ಒಬ್ಬ ಬೋಧಕರ ಬಂಧನವೂ ಆಯಿತು. ಅಲ್ಲಿ ಕ್ವೀರ್ ಅಧ್ಯಯನವನ್ನು ಯಾರೂ ಪಾಠ ಮಾಡಿರಲಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2016ರಲ್ಲಿ ಪ್ರಕಟಿಸಿದ ಕಿರುಕುಳ ತಡೆ ನಿಯಮಾವಳಿ ಹೆಂಗಸರ ಜೊತೆಗೆ ಕೆಲವು ಗಂಡು ವಿದ್ಯಾರ್ಥಿಗಳನ್ನೂ ತೃತೀಯ ಲಿಂಗಿ ವಿದ್ಯಾರ್ಥಿಗಳನ್ನೂ ಅಪಾಯದಲ್ಲಿರುವವರೆಂದು ಹೆಸರಿಸಿದೆ. ಆದರೆ ಮನೆಯ ಮಹಡಿಯ ಮೇಲಿನ ನೃತ್ಯಶಾಲೆಗೆ ಆ ಆಯೋಗದ ನಿಯಮ ತಲುಪುವುದಿಲ್ಲ. ಅಲ್ಲಿ ಇರುವುದು ಟೀಚರ್ ಒಬ್ಬರ ಮರ್ಜಿ.

‘ಮಕ್ಕಳು ಹಾಳಾಗುತ್ತಾರೆ’ ಎಂಬುದಕ್ಕೆ ಹೆಚ್ಚು ಹೊತ್ತು ಬೇಡ. 2021ರ ನವೆಂಬರಿನಲ್ಲಿ ಎನ್‌ಸಿಇಆರ್‌ಟಿ ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಶಾಲೆಯೊಳಗೆ ಸೇರಿಸಿಕೊಳ್ಳುವ ಬಗ್ಗೆ ಒಂದು ಕೈಪಿಡಿ ಹಾಕಿ, ದೂರು ಬಂದ ಮೇಲೆ ಕೆಲವೇ ದಿನಗಳಲ್ಲಿ ತೆಗೆದುಹಾಕಿತು. ಗದ್ದಲ ಮಾಡಿದ ಬಹಳ ಜನ ಅದು ಮಕ್ಕಳ ಪಠ್ಯವೆಂದೇ ತಿಳಿದಿದ್ದರು. ಅದು ಶಿಕ್ಷಕರಿಗಾಗಿ ಬರೆದದ್ದು. ಇತ್ತ ಕರ್ನಾಟಕ ಸರ್ಕಾರ ಅದೇ 2021ರಲ್ಲಿ ತನ್ನ ನೇಮಕಾತಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ತಂದಿತು. ಮರುವರ್ಷದ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಮೂವರು ಆಯ್ಕೆಯಾದರು. ಸರ್ಕಾರಿ ಶಾಲೆ ಒಪ್ಪಿದ್ದನ್ನು ರಂಗಪ್ರವೇಶಕ್ಕೆ ಲಕ್ಷಗಟ್ಟಲೆ ಸುರಿಯುವ ಬಡಾವಣೆ ಒಪ್ಪಲಾರದೇ?

ಇನ್ನು ಆ ಸೋಲಿನ ಮಾತು. ‘ಇದು ಇಂದಿರಾನಗರದ ಇಂಗ್ಲಿಷ್ ಮಂದಿಯ ಹವ್ಯಾಸ.’ ಇದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಕಾರ್ಯಾಗಾರದ ಪ್ರಕಟಣೆ ಇಂಗ್ಲಿಷಿನಲ್ಲಿ, ಪ್ರಬಂಧ ಇಂಗ್ಲಿಷಿನಲ್ಲಿ, ಶುಲ್ಕ ಶಿವಾಜಿನಗರದ ಒಂದು ಕುಟುಂಬದ ತಿಂಗಳ ದಿನಸಿಗೆ ಸಮ. ಪ್ರಬಂಧದ ಭಾಷೆಯೋ, ಬರೆದವರೇ ಮರುದಿನ ಓದಿದರೆ ಕಂಗಾಲಾಗುವಂಥದ್ದು. 1809ರಲ್ಲಿ ಬ್ರಿಟಿಷರು ಈ ದಂಡು ಕಟ್ಟಿದಂದಿನಿಂದ ಪೇಟೆಗೂ ಇದಕ್ಕೂ ನಡುವೆ ಇರುವ ಬಿರುಕು ನೃತ್ಯದಲ್ಲೂ ಉಳಿದಿದೆ, ಸಂಶೋಧನೆಯಲ್ಲೂ.

ಆದರೆ ಇದರಿಂದ ಬರುವ ತೀರ್ಮಾನ ಸಂಶೋಧನೆ ಬೇಡ ಎಂಬುದಲ್ಲ, ಇನ್ನಷ್ಟು ಕಡೆ ನಡೆಯಬೇಕು ಎಂಬುದು. ಕಲಿಕೆ ಎಲ್ಲಿ ನಡೆಯುತ್ತದೆ ಎಂಬುದನ್ನು ಇಂಗ್ಲಿಷ್ ಮಂದಿಯೂ ಅವರ ಎದುರಾಳಿಗಳೂ ಒಂದೇ ಥರ ಕಿರಿದು ಮಾಡಿಕೊಂಡಿದ್ದಾರೆ. ಕಲ್ಲುಕಂಬದ ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿ ನೃತ್ಯವನ್ನು ಯಾವ ಸ್ಟುಡಿಯೊದಲ್ಲೂ ಕಲಿಯಲಿಲ್ಲ; ಕಾಳವ್ವ ಜೋಗತಿಯ ಹಿಂದೆ ಊರೂರು ತಿರುಗಿ, ತಲೆಯ ಮೇಲೆ ಕೊಡ ಹೊತ್ತು ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಕೊಡ ಬೀಳದಂತೆ ಕತ್ತು ನಿಲ್ಲಿಸುವುದನ್ನು ಜೋಗತಿಯೊಬ್ಬಳು ಇನ್ನೊಬ್ಬಳಿಗೆ ಹೇಗೆ ದಾಟಿಸುತ್ತಾಳೆ? ಅದೂ ನೃತ್ಯಬೋಧನೆಯೇ. ಮನೆಬಿಟ್ಟು ಬಂದ ಟ್ರಾನ್ಸ್ ಮಹಿಳೆ, ಮದುರೈಯ ನರ್ತಕಿ ನಟರಾಜ್ ಅವರನ್ನು ತಂಜಾವೂರು ಪರಂಪರೆಯ ನಟ್ಟುವನಾರ್ ಕಿಟ್ಟಪ್ಪ ಪಿಳ್ಳೈ ಶಿಷ್ಯೆಯಾಗಿ ಒಪ್ಪಿಕೊಂಡರು, ನರ್ತಕಿ ಎಂಬ ಹೆಸರನ್ನೂ ಕೊಟ್ಟರು. ನರ್ತಕಿ ಅವರಿಗೆ 2019ರಲ್ಲಿ ಪದ್ಮಶ್ರೀ ಬಂತು. ಸಂಪ್ರದಾಯದ ಪರ ವಾದಿಸುವವರು ಈ ನಟ್ಟುವನಾರರನ್ನು ಯಾಕೆ ನೆನೆಯುವುದಿಲ್ಲವೋ ತಿಳಿಯದು. ಅವರಿಗಿಂತ ಸಂಪ್ರದಾಯಸ್ಥರನ್ನು ಎಲ್ಲಿಂದ ತರೋಣ?

ಬೆಂಗಳೂರಿನ ಹಮಾಮುಗಳ, ಅಂದರೆ ಹಿಜ್ರಾಗಳು ನಡೆಸುವ ಸ್ನಾನದ ಮನೆಗಳ, ಕಥೆಯೂ ಇದೆ. ಎ. ರೇವತಿ ತಮ್ಮ ಆತ್ಮಕಥೆಯಲ್ಲಿ ಆ ಬದುಕನ್ನು ಬರೆದಿದ್ದಾರೆ, ದು. ಸರಸ್ವತಿ ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು, ಹೆಗ್ಗೋಡಿನ ಜನಮನದಾಟ ರಂಗಕ್ಕೆ ತಂದಿತು. ಹಿಜ್ರಾ ಸಮುದಾಯದಲ್ಲಿ ಗುರು, ಚೇಲಾ ಎಂಬ ಕಟ್ಟು ಇದೆ. ಸೀರೆ ಉಡುವುದು, ಚಪ್ಪಾಳೆ ತಟ್ಟುವುದು, ನಡೆಯುವುದು, ಕುಣಿಯುವುದು ಗುರುವಿನಿಂದ ಬರುತ್ತದೆ. ಗುರುವಿನ ದಬ್ಬಾಳಿಕೆಯೂ ಜೊತೆಗೆ ಬರುತ್ತದೆ. ಅದನ್ನು ಬಣ್ಣ ಹಚ್ಚಿ ತೋರಿಸಬೇಕಾಗಿಲ್ಲ. ಆದರೆ ಮೈಗೆ ಹೆಣ್ಣುತನವನ್ನು ಹಂತಹಂತವಾಗಿ ಕಲಿಸುವ ಶಾಲೆ ಅದು, ವರ್ಣದ ಪಾಠದಷ್ಟೇ ಕಟ್ಟುನಿಟ್ಟು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬಲ್ಲ ಅಧ್ಯಾಪಕರು ನಮಗೆ ಬೇಕು.

ಕೊನೆಯ ಆಕ್ಷೇಪ ಎದುರಾಳಿಗಳದ್ದಲ್ಲ, ಸಮುದಾಯದ್ದು. ಅವರು ಬರುತ್ತಾರೆ, ರೆಕಾರ್ಡರ್ ಇಡುತ್ತಾರೆ, ನಮ್ಮ ಕಣ್ಣೀರು ಬರೆದುಕೊಳ್ಳುತ್ತಾರೆ, ಡಾಕ್ಟರೇಟ್ ಅವರಿಗೆ. ಇದಕ್ಕೆ ವಾದವಿಲ್ಲ, ಷರತ್ತುಗಳಿವೆ. ಮಾತಾಡಿದವರ ಸಮಯಕ್ಕೆ ಸಂಭಾವನೆ ಕೊಡಬೇಕು. ಬರೆದದ್ದನ್ನು ಅವರಾಡುವ ಕನ್ನಡದಲ್ಲೋ ತಮಿಳಿನಲ್ಲೋ ದಖನಿಯಲ್ಲೋ ಅವರಿಗೆ ಓದಿ ಹೇಳಬೇಕು, ಬೇಡವೆಂದ ಭಾಗವನ್ನು ತೆಗೆಯಬೇಕು. ಹೆಸರು ಹಾಕಿ ಎಂದವರ ಹೆಸರು ಮುಖಪುಟದಲ್ಲಿ ಬರಬೇಕು, ಅಡಿಟಿಪ್ಪಣಿಯಲ್ಲಲ್ಲ. ಸಂಶೋಧಕರೇ ಕ್ವೀರ್ ಆಗಿದ್ದರೂ ಇದರಿಂದ ವಿನಾಯಿತಿ ಇಲ್ಲ. ವರ್ಗ, ಜಾತಿ, ಭಾಷೆಗಳ ದೂರವನ್ನು ಅಸ್ಮಿತೆಯೊಂದೇ ಅಳಿಸುವುದಿಲ್ಲ.

ಈಚೆಗೆ ಈ ಆಕ್ಷೇಪವನ್ನು ನೃತ್ಯವಲಯದ ಮಡಿವಂತರೂ ಎರವಲು ಪಡೆದಿದ್ದಾರೆ: ಪಾಪ, ಆ ಬಡವರನ್ನು ಬಳಸಿಕೊಳ್ಳುತ್ತಾರಲ್ಲ ಎಂದು. ಅವರಿಗೆ ನನ್ನದೊಂದು ಮರುಪ್ರಶ್ನೆ. ನಿಮ್ಮ ಶಾಲೆಯ ಪ್ರವೇಶ ಅರ್ಜಿಯಲ್ಲಿ ಲಿಂಗದ ಮುಂದೆ ಎಷ್ಟು ಚೌಕಗಳಿವೆ? ಕಛೇರಿಯ ದಿನ ಬಟ್ಟೆ ಬದಲಿಸಲು ಎಷ್ಟು ಕೋಣೆಗಳಿವೆ, ಅವುಗಳ ಬಾಗಿಲ ಮೇಲೆ ಏನು ಬರೆದಿದೆ? ಶುಲ್ಕ ಕಟ್ಟಲಾಗದ ಜೋಗಪ್ಪನ ಮಗುವೋ ಹಲಸೂರಿನ ಹಿಜ್ರಾ ಚೇಲಾವೋ ಬಂದು ಕಲಿಸಿ ಎಂದರೆ ಸೋಮವಾರದ ಬ್ಯಾಚಿನಲ್ಲಿ ಜಾಗ ಇದೆಯೇ? ಇದ್ದರೆ ಹೇಳಿ, ಆಗ ಬಳಸಿಕೊಳ್ಳುವವರು ಯಾರೆಂಬ ಚರ್ಚೆಗೆ ಕೂರೋಣ.